ಉಚ್ಛಿಷ್ಟವೂ ಹಿತ್ತಿಲ ಗೊಬ್ಬರವೂ

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣಧರ್ಮವು ಒಪ್ಪಲಿಲ್ಲವೆಂಬುದು ಲಿಂಗವಂತರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಇವುಗಳಲ್ಲಿ ಜನನ ಮರಣಗಳ ಸೂತಕವನ್ನು ಕುರಿತು ಸಾಕಷ್ಟು ವಿವೇಚನೆ ನಡೆದಿದೆ. ಜಾತಿಸೂತಕವನ್ನು ಕುರಿತೂ, ನಡೆಯಲ್ಲಿರುವುದಕ್ಕಿಂತ ನುಡಿಯಲ್ಲಿ ಹೆಚ್ಚಾಗಿಯಾದರೂ, ನಡೆದಿದೆ. ಉಚ್ಛಿಷ್ಟಸೂತಕವೊಂದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಎಂಜಲೆಂಬುದು ಅಲ್ಪವಿಷಯವೆಂದು ಎಲ್ಲರೂ ಭಾವಿಸಿರುವಂತೆ ತೋರುತ್ತದೆ.

ಆದರೆ ಬೆಳಗಿನ ಹೊತ್ತಿನಲ್ಲಿ ಪಟ್ಟಣದ ಯಾವುದಾದರೊಂದು ಓಣಿಯಲ್ಲಿ ನಿಂತು ನೋಡಿದರೆ ಈ ವಿಷಯವು ಅಷ್ಟು ಅಲ್ಪವೆನಿಸದು. ಗೃಹಸ್ಥನು ಸ್ನಾನ ಮಾಡಿ, ವಿಭೂತಿಯನ್ನು ಧರಿಸಿ, ಲಿಂಗಪೂಜೆಯನ್ನು ಮುಗಿಸಿದ್ದಾನೆ. ಹೊರಗೆ ಕಸದ ಗಾಡಿ ಬಂದ ಸದ್ದು ಕೇಳಿಸುತ್ತದೆ. ಅವನು ಅಡುಗೆಮನೆಯ ಮೂಲೆಯಲ್ಲಿದ್ದ ಚೀಲವನ್ನು ಎರಡು ಬೆರಳಿನಿಂದ ಹಿಡಿದು, ಮೈಗೆ ಸೋಕದಂತೆ ತೋಳು ಚಾಚಿ, ಮುಖವನ್ನು ಒಂದು ಕಡೆಗೆ ತಿರುಗಿಸಿ, ಗಾಡಿಯ ಹೆಣ್ಣುಮಗಳ ಕೈಗೆ ಕೊಟ್ಟು, ಒಳಕ್ಕೆ ಹೋಗಿ ಕೈ ತೊಳೆದುಕೊಳ್ಳುತ್ತಾನೆ. ಆ ಚೀಲದಲ್ಲಿರುವುದಾದರೂ ಏನು? ಹಿಂದಿನ ದಿನ ಸಂಜೆ ಅವನೇ ಸಂತೆಯಿಂದ ಆರಿಸಿ ತಂದ ದಂಟಿನ ಸೊಪ್ಪಿನ ಬುಡ, ಹೀರೇಕಾಯಿಯ ಸಿಪ್ಪೆ, ಬಾಳೆಹಣ್ಣಿನ ತೊಗಟೆ, ಚಹದ ಚರಟ. ಹನ್ನೆರಡು ಗಂಟೆಗಳ ಹಿಂದೆ ಅವನು ಆ ಹೀರೇಕಾಯಿಯನ್ನು ಕೈಯಲ್ಲಿ ಹಿಡಿದು, ಎಳೆಯದೆಂದು ಮೆಚ್ಚಿ, ಹಣ ಕೊಟ್ಟಿದ್ದನು. ಒಂದು ರಾತ್ರಿಯೊಳಗೆ ಅದಕ್ಕೆ ಬಂದ ಅಶುಚಿಯು ಯಾವುದು? ಒಂದು ವೇಳೆ ಅಶುಚಿಯು ನಿಜವಾಗಿಯೂ ಬಂದಿತೆಂದೇ ಇಟ್ಟುಕೊಂಡರೂ, ಅದನ್ನು ಮತ್ತೊಬ್ಬರ ಕೈಗೆ ದಾಟಿಸಿದ ಮಾತ್ರಕ್ಕೆ ತಾನು ಶುಚಿಯಾಗುವುದು ಹೇಗೆ? ಮನೆಯ ಹಿತ್ತಿಲಲ್ಲಿ ಗೊಬ್ಬರದ ಗುಂಡಿಯೊಂದನ್ನು ತೋಡುವ ವಿಚಾರವು ತೋಟಗಾರಿಕೆಯ ಪುಸ್ತಕಕ್ಕೆ ಸೇರಿದ್ದೆಂದು ತೋರಬಹುದು. ಈ ಎರಡು ಪ್ರಶ್ನೆಗಳಿಂದಾಗಿ ಅದು ಧರ್ಮವಿಚಾರವೂ ಆಗುತ್ತದೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರಸಾದವೆಂಬುದು ಬೇರೆ, ಅಡುಗೆಮನೆಯ ಕಸವೆಂಬುದು ಬೇರೆ. ಲಿಂಗಕ್ಕೆ ಅರ್ಪಿತವಾದುದನ್ನು ಒಂದು ಅಗುಳೂ ಬಿಡದೆ ಸ್ವೀಕರಿಸಬೇಕೆಂಬ ನಿಯಮವನ್ನು ಹಿಡಿದ ಹಿರಿಯರು ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಅಂಥ ಮನೆಯಲ್ಲಿ ಗೊಬ್ಬರದ ಗುಂಡಿಗೆ ಹೋಗಬೇಕಾದ ಅನ್ನವೇ ಇರುವುದಿಲ್ಲ. ಗುಂಡಿಯಿದೆಯೆಂಬ ಧೈರ್ಯದಿಂದ ಹೆಚ್ಚು ಬೇಯಿಸಿ, ಹಳಸಲು ಬಿಟ್ಟು, 'ಮಣ್ಣಿಗೇ ತಾನೆ ಹೋಗುವುದು' ಎಂದು ಸಮಾಧಾನ ಮಾಡಿಕೊಳ್ಳುವವನು ತಾನು ಉಣ್ಣದ ಅನ್ನಕ್ಕೆ ಒಳ್ಳೆಯ ಹೆಸರೊಂದನ್ನು ಕೊಟ್ಟಂತಾಯಿತು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಆಶೆಯ ಖಂಡನೆಗಾಗಿ ಹೇಳುವುದು ವಾಡಿಕೆ. ಚೆಲ್ಲಿದ್ದು ಕಸವಲ್ಲ, ಮಿಕ್ಕಿದ್ದು ಹಕ್ಕಲ್ಲ ಎಂಬ ಎರಡು ಮಾತುಗಳೂ ಅದರಲ್ಲಿವೆ. ಗೊಬ್ಬರದ ಕೆಲಸವು ಈ ಎರಡರ ನಂತರ ಬರತಕ್ಕದ್ದು. ತಿನ್ನಲಾಗದ ಸಿಪ್ಪೆ, ನಾರು, ದಂಟು, ಹೊಟ್ಟು, ಉದುರಿದ ಎಲೆ ಇವೇ ಅದರ ಸಾಮಗ್ರಿ.

ಈ ಸಾಮಗ್ರಿಯನ್ನು ಹಿಂದಿನವರು ಹೀನವೆಂದು ಭಾವಿಸಿರಲಿಲ್ಲವೆಂಬುದಕ್ಕೆ ಕನ್ನಡನಾಡಿನ ಹೆಸರುಗಳೇ ಸಾಕ್ಷಿ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೆ ಮಗು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ ಅಥವಾ ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಕಣ್ಣು ತಾಕದಿರಲೆಂಬ ಎಣಿಕೆ ಅದರಲ್ಲಿದ್ದರೂ, ತಿಪ್ಪೆಯನ್ನು ಜೀವ ಕಾಯುವ ತಾಣವೆಂದು ತಿಳಿದ ರೈತನ ಅನುಭವವೂ ಇದ್ದಿರಬೇಕು. ಕೆರೆಗಳನ್ನು ಕಟ್ಟಿಸಿದರೆಂದು ಜನರು ಇಂದಿಗೂ ನೆನೆಯುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರನ್ನು ಉಚ್ಚರಿಸುವಾಗ ಯಾವ ಭಕ್ತನೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಹಳ್ಳಿಯ ಮನೆಗೆ ಹಿತ್ತಿಲಿತ್ತು, ಹಿತ್ತಿಲಿಗೆ ತಿಪ್ಪೆಯಿತ್ತು. ದನದ ಸಗಣಿ, ಗಂಜಲದಲ್ಲಿ ನೆನೆದ ಮೇವಿನ ಕಡ್ಡಿ, ಒಲೆಯ ಬೂದಿ, ಅಂಗಳದ ಕಸ ಎಲ್ಲವೂ ಅಲ್ಲಿಗೆ ಹೋಗಿ, ಬೇಸಗೆಯ ಕೊನೆಯಲ್ಲಿ ಬಂಡಿಯ ಮೇಲೆ ಹೊಲಕ್ಕೆ ಹೊರಡುತ್ತಿದ್ದವು. ಆ ತಿಪ್ಪೆಯು ಸರ್ವಗುಣ ಸಂಪನ್ನವಾಗಿತ್ತೆಂದು ಹೇಳಲಾಗದು. ಬಿಸಿಲಿಗೆ ಒಣಗಿ, ಮಳೆಗೆ ತೊಳೆದುಹೋಗಿ, ಗೊಬ್ಬರದ ಸತ್ತ್ವದಲ್ಲಿ ಬಹುಭಾಗ ನಷ್ಟವಾಗುತ್ತಿತ್ತು. ನೊಣಗಳ ಕಾಟವೂ ಇತ್ತು. ಆದರೂ ಮನೆಯಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆಂಬುದು ಮನೆಯವರಿಗೆ ಗೊತ್ತಿತ್ತು.

ಪಟ್ಟಣಕ್ಕೆ ಬಂದ ಮೇಲೆ ಆ ತಿಳಿವಳಿಕೆಯೇ ಇಲ್ಲವಾಯಿತು. ಗಾಡಿಯು ತಿರುವಿನಲ್ಲಿ ಮರೆಯಾದೊಡನೆ ಕಸವು ಇಲ್ಲವಾಯಿತೆಂದೇ ಗೃಹಸ್ಥನು ನಂಬುತ್ತಾನೆ. ಅದು ಇಲ್ಲವಾಗುವುದಿಲ್ಲ; ಬೇರೊಂದು ಊರಿನ ಬದಿಗೆ ಹೋಗಿ ಬೀಳುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರದಲ್ಲಿಯೂ ಮಂಡೂರಿನಲ್ಲಿಯೂ ಗುಡ್ಡವಾಗಿ ಸುರಿದರು. ಬಾವಿಯ ನೀರು ಕೆಟ್ಟಿತೆಂದೂ ಮನೆಯಲ್ಲಿ ಕುಳಿತು ಉಣ್ಣಲಾಗದಷ್ಟು ನೊಣವೂ ನಾತವೂ ಆಯಿತೆಂದೂ ಆ ಊರುಗಳವರು ಮೊರೆಯಿಟ್ಟರು. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು. ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತ ಮೇಲೆ ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಆ ಗುಡ್ಡಗಳಲ್ಲಿದ್ದುದರಲ್ಲಿ ದೊಡ್ಡ ಪಾಲು ಅಡುಗೆಮನೆಯಿಂದ ಹೋದದ್ದೇ. ಹೀರೇಕಾಯಿಯ ಸಿಪ್ಪೆಯು ತಾನಾಗಿ ಯಾರಿಗೂ ಕೇಡು ಮಾಡುವ ವಸ್ತುವಲ್ಲ. ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಸಾವಿರಾರು ಚೀಲಗಳ ಅಡಿಯಲ್ಲಿ ಅದುಮಿದಾಗ ಅದೇ ಸಿಪ್ಪೆಯು ಮೀಥೇನ್ ಎಂಬ ಅನಿಲವನ್ನೂ ಕಪ್ಪಾದ ರಸವನ್ನೂ ಬಿಡುತ್ತದೆ. ಅನಿಲವು ಬೆಂಕಿ ಹಿಡಿಯುತ್ತದೆ, ರಸವು ಅಂತರ್ಜಲಕ್ಕೆ ಇಳಿಯುತ್ತದೆ. ಹಿತ್ತಿಲಲ್ಲಿ ಮೂರು ತಿಂಗಳಲ್ಲಿ ಮಣ್ಣಾಗುತ್ತಿದ್ದುದು ಅಲ್ಲಿ ಊರಿನವರ ಬಾವಿಗೆ ವಿಷವಾಗುತ್ತದೆ.

ಊರಿನ ಮಾತು ಹಾಗಿರಲಿ. ಮನೆಯ ಬಾಗಿಲಲ್ಲಿಯೇ ನಿಂತಿರುವ ಕೈಗಳ ಮಾತೇನು? ಬಹುಕಾಲ ಎಲ್ಲ ಮನೆಗಳ ಕಸವೂ ಬೆರಕೆಯಾಗಿಯೇ ಹೊರಬೀಳುತ್ತಿತ್ತು. ಕೊಳೆತ ಪಲ್ಯದೊಳಗೆ ಒಡೆದ ಗಾಜಿನ ಚೂರು, ಔಷಧದ ಸೂಜಿ, ಕ್ಷೌರದ ಬ್ಲೇಡು ಎಲ್ಲವೂ ಇರುತ್ತಿದ್ದವು. ಅದನ್ನು ಪೌರಕಾರ್ಮಿಕರು ಕೈಯಿಂದಲೇ ಬೇರ್ಪಡಿಸಬೇಕಾಗಿತ್ತು. ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕೆಂದು ಉಚ್ಚ ನ್ಯಾಯಾಲಯವು 2012ರಲ್ಲಿ ಬೆಂಗಳೂರಿಗೆ ಆಜ್ಞೆ ಮಾಡಿತು. 2016ರ ಕೇಂದ್ರ ನಿಯಮಗಳು ಇಡೀ ದೇಶಕ್ಕೆ ಅದನ್ನೇ ವಿಧಿಸಿದವು. ನ್ಯಾಯಾಲಯವು ಹೇಳಿದ ಮೇಲೆಯೂ ಬೆರಸಿಯೇ ಕೊಡುವ ಮನೆಗಳು ಉಳಿದಿವೆ. ಶರಣರ ಮನೆಯಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡಳೆಂದು ಪರಂಪರೆಯು ಹೇಳುವ ಸತ್ಯಕ್ಕನ ಹೆಸರನ್ನು ಭಕ್ತಿಯಿಂದ ನೆನೆಯುವ ಮನೆಯೇ, ಇಂದಿನ ಸತ್ಯಕ್ಕನ ಅಂಗೈಗೆ ಗಾಜಿನ ಚೂರನ್ನು ಸೊಪ್ಪಿನಲ್ಲಿ ಸುತ್ತಿ ಕೊಡುವುದನ್ನು ಕಂಡರೆ, ಕಾಯಕವೆಂಬ ಮಾತು ಎಷ್ಟರಮಟ್ಟಿಗೆ ಒಳಗಿಳಿದಿದೆಯೆಂಬ ಸಂಶಯ ಬಾರದಿರದು. ನುಡಿಯಲ್ಲಿಯೂ ಈ ಅನ್ಯಾಯವುಂಟು. ಕಸ ಮಾಡುವವರು ಮನೆಯವರು. 'ಕಸದವರು' ಎಂಬ ಹೆಸರು ಮಾತ್ರ ಅದನ್ನು ಒಯ್ಯುವವರಿಗೆ.

'ಎಲ್ಲರೂ ಮನೆಯಲ್ಲಿಯೇ ಗೊಬ್ಬರ ಮಾಡಿಕೊಂಡರೆ ಆ ಬಡವರ ಜೀವನೋಪಾಯಕ್ಕೆ ಕುಂದಾಗದೆ?' ಎಂದು ಕೇಳುವವರುಂಟು. ಪ್ರಶ್ನೆಯು ಕರುಣೆಯ ವೇಷದಲ್ಲಿ ಬರುತ್ತದೆ. ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ ಇವುಗಳನ್ನು ಒಯ್ಯುವ ಕೆಲಸವೂ ಬೀದಿಯನ್ನು ಗುಡಿಸುವ ಕೆಲಸವೂ ಹೇಗಾದರೂ ಉಳಿಯುತ್ತವೆ. ಕೊಳೆತದ್ದು ಹೋದರೆ ಆ ಕೆಲಸದಿಂದ ಹೋಗುವುದು ನಾತ ಮತ್ತು ರೋಗ, ಹೋಗಬಾರದವು ಅವಲ್ಲ.

ವಿದ್ಯೆಯು ಮುಂದುವರಿದರೂ ಈ ಕೈಗಳ ಪ್ರಶ್ನೆಯು ತಾನಾಗಿ ಬಗೆಹರಿಯುವುದಿಲ್ಲವೆಂಬುದಕ್ಕೆ ಗೊಬ್ಬರ ವಿದ್ಯೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿಯು ಇಂದೂರಿನಲ್ಲಿ ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ ಪ್ರಯೋಗ ನಡೆಸಿ, ಪೈರಿನ ಕಸವನ್ನೂ ಸಗಣಿಯನ್ನೂ ಪದರಪದರವಾಗಿ ಒಟ್ಟಿ, ಆಗಾಗ ತಿರುವಿ ಗೊಬ್ಬರ ಮಾಡುವ ಕ್ರಮವನ್ನು 1931ರ ಪುಸ್ತಕದಲ್ಲಿ ಪ್ರಕಟಿಸಿದನು. ಅದಕ್ಕೆ ಇಂದೂರು ಪದ್ಧತಿಯೆಂದು ಹೆಸರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ಮತ್ತೊಂದು ಕ್ರಮವನ್ನು ರೂಪಿಸಿದರು. ಇದು ಪಟ್ಟಣಗಳಿಗಾಗಿ ಮಾಡಿದ್ದು. ಗುಂಡಿಯಲ್ಲಿ ಊರಿನ ಕಸವನ್ನೂ ಮನುಷ್ಯರ ಮಲವನ್ನೂ ಪದರಗಳಾಗಿ ತುಂಬಿ, ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿಬಿಟ್ಟರೆ, ತಿರುವುವ ಶ್ರಮವಿಲ್ಲದೆ ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಬೆಂಗಳೂರು ಪದ್ಧತಿಯೆಂಬ ಹೆಸರಿನಿಂದ ಅದು ಇತರ ದೇಶಗಳ ಕೃಷಿಗ್ರಂಥಗಳಲ್ಲಿಯೂ ಸೇರಿತು. ಕನ್ನಡದಲ್ಲಿ 'ತಿಪ್ಪೆ ಸಾರಿಸುವುದು' ಎಂದರೆ ತಪ್ಪನ್ನು ಮುಚ್ಚಿಹಾಕುವುದು. ಆಚಾರ್ಯರು ತಿಪ್ಪೆಯನ್ನು ನಿಜವಾಗಿಯೇ ಸಾರಿಸಿ ಅದರಿಂದ ಉಪಕಾರವನ್ನು ತೆಗೆದರು.

ಮಲವು ಭೂಮಿಗೆ ಬೆಲೆಯುಳ್ಳ ಗೊಬ್ಬರವೆಂಬುದು ಸತ್ಯವೇ. ಅದು ಗುಂಡಿಯನ್ನು ಸೇರುತ್ತಿದ್ದುದಾದರೂ ಹೇಗೆ? ಬುಟ್ಟಿಯಲ್ಲಿ, ಬಕೆಟ್ಟಿನಲ್ಲಿ, ಒಂದು ಜಾತಿಯವರ ತಲೆಯ ಮೇಲೆ. ಮಲ ಹೊರುವ ಪದ್ಧತಿಯನ್ನು ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ 1970ರ ದಶಕದಲ್ಲಿ ನಿಷೇಧಿಸಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಕೆಲವರು ಬಹಿರಂಗವಾಗಿ ಮೈಮೇಲೆ ಮಲವನ್ನು ಸುರಿದುಕೊಂಡು ತಮ್ಮ ಸಂಕಟವನ್ನು ನಾಡಿಗೆ ತೋರಿಸಬೇಕಾಗಿ ಬಂದಿತು. ಕೇಂದ್ರ ಶಾಸನವು 2013ರಲ್ಲಿ ಮತ್ತೆ ನಿಷೇಧವನ್ನು ವಿಧಿಸಿತು. ಕಸವನ್ನು ರಸವಾಗಿಸುವ ವಿದ್ಯೆಯು ಎಷ್ಟು ಸೊಗಸಾಗಿದ್ದರೂ, ಮಾಡಿದವನು ಮುಟ್ಟದೆ ಇನ್ನೊಬ್ಬನಿಂದಲೇ ಮುಟ್ಟಿಸುವವರೆಗೆ ಅದು ವಸ್ತುವನ್ನಷ್ಟೇ ಶುದ್ಧಿ ಮಾಡುತ್ತದೆ. ಅಡುಗೆಮನೆಯ ಸಿಪ್ಪೆಯು ಈ ವಿಷಯದಲ್ಲಿ ಸುಲಭವಾದ ಮೊದಲ ಪಾಠ. ಅದನ್ನು ಮುಟ್ಟಲು ಯಾರಿಗೂ ಅಪಾಯವಿಲ್ಲ, ವಿಶೇಷ ಉಪಕರಣ ಬೇಕಿಲ್ಲ, ಮನೆಯ ಗಡಿಯೊಳಗೇ ಕೆಲಸ ಮುಗಿಯುತ್ತದೆ.

ಇನ್ನು ಆ ಕೆಲಸದ ಸ್ವರೂಪ. ಹಿತ್ತಿಲಿದ್ದವರು ಮೂರಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಆಳದ ಎರಡು ಗುಂಡಿಗಳನ್ನು ತೋಡಿಕೊಳ್ಳಬೇಕು. ಒಂದು ತುಂಬಿ ಮಾಗುತ್ತಿರುವಾಗ ಇನ್ನೊಂದನ್ನು ತುಂಬುತ್ತಿರಬೇಕು. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಗುಂಡಿಯೊಳಗೆ ನೀರು ನಿಲ್ಲುವುದರಿಂದ ನೆಲದ ಮೇಲೆಯೇ ಒಟ್ಟಿ, ಮೇಲೆ ತಗಡು ಅಥವಾ ಸೋಗೆಯ ಮರೆ ಮಾಡುವುದು ಲೇಸು. ಬಯಲುಸೀಮೆಯಲ್ಲಿ ಗುಂಡಿಯೇ ಮೇಲು, ತೇವವು ಉಳಿಯುತ್ತದೆ. ತಳದಲ್ಲಿ ಕಡ್ಡಿಕಸವನ್ನು ಒಂದು ಗೇಣು ಹಾಸಿ, ಅದರ ಮೇಲೆ ದಿನದಿನದ ಹಸಿ ಕಸವನ್ನು ಹರಡಿ, ಪ್ರತಿಸಲವೂ ಅದರ ಎರಡರಷ್ಟು ಒಣ ಎಲೆಯನ್ನೋ ಹೊಟ್ಟನ್ನೋ ಮುಚ್ಚಬೇಕು. ಈ ಒಣ ಎಲೆಯ ವಿಷಯದಲ್ಲಿಯೇ ಹೆಚ್ಚಿನವರು ತಪ್ಪುವುದು. ಗೊಬ್ಬರವನ್ನು ಮಾಡುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಇಂಗಾಲವೂ ಸಾರಜನಕವೂ ಸುಮಾರು ಮೂವತ್ತಕ್ಕೆ ಒಂದರ ಪ್ರಮಾಣದಲ್ಲಿ ಬೇಕು. ಒಣ ಎಲೆ, ಜೋಳದ ದಂಟು, ಮರದ ಹೊಟ್ಟುಗಳಲ್ಲಿ ಇಂಗಾಲ ಹೆಚ್ಚು. ಹಸಿ ಸಿಪ್ಪೆ, ಸೊಪ್ಪು, ಸಗಣಿಗಳಲ್ಲಿ ಸಾರಜನಕ ಹೆಚ್ಚು. ಹಸಿಯೊಂದನ್ನೇ ಹಾಕಿದರೆ ಅದು ಕೆಸರಾಗಿ, ಗಾಳಿ ಹೋಗದೆ, ಕೊಳೆತು ನಾರುತ್ತದೆ. ಒಣಗಿದ್ದೊಂದನ್ನೇ ಹಾಕಿದರೆ ವರ್ಷವಾದರೂ ಹಾಗೆಯೇ ಇರುತ್ತದೆ.

'ಗೊಬ್ಬರದ ಗುಂಡಿ ನಾರುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ' ಎಂಬ ಆಕ್ಷೇಪಣೆಗೆ ಇಲ್ಲಿಯೇ ಉತ್ತರವಿದೆ. ನಾತವು ಗೊಬ್ಬರದ ಸ್ವಭಾವವಲ್ಲ, ಮಾಡುವವನ ಅಲಕ್ಷ್ಯದ ಗುರುತು. ನಾತ ಬಂದೊಡನೆ ಸನಿಕೆಯಿಂದ ತಿರುವಿ, ಒಣ ಎಲೆಯನ್ನು ಬೆರಸಿದರೆ ಎರಡು ದಿನಗಳಲ್ಲಿ ಹೋಗುತ್ತದೆ. ತೇವವು ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿಯನ್ನು ತೆಗೆದು ಅಮುಕಿ ನೋಡಬೇಕು. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎರಡು ಬೆರಳಿನಿಂದ ಚೀಲ ಹಿಡಿದವನಿಗೆ ಈ ಪರೀಕ್ಷೆಯೇ ಕಠಿಣವಾದ ಭಾಗ. ಗುಂಡಿ ತೋಡುವುದಕ್ಕಿಂತಲೂ ಕಠಿಣ. ಮೊದಲ ವಾರ ಕೈಗವಸು ಬೇಕೆನಿಸುತ್ತದೆ. ಕೈಯಲ್ಲಿ ಗಾಯವಿದ್ದರೆ ಅದನ್ನು ಧರಿಸಲೂ ಬೇಕು. ತಿಂಗಳು ಕಳೆಯುವಷ್ಟರಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಮುಗಿದ ಮೇಲೆ ಸಾಬೂನಿನಿಂದ ತೊಳೆದುಕೊಂಡರೆ ಸಾಕು. ಆರೋಗ್ಯಶಾಸ್ತ್ರವು ಕೇಳುವುದು ಅಷ್ಟನ್ನೇ.

ಹಸಿ ಸಗಣಿಯ ರಾಡಿಯನ್ನಾಗಲಿ ಹಳೆಯ ಗೊಬ್ಬರದ ಒಂದು ಬೊಗಸೆಯನ್ನಾಗಲಿ ಆರಂಭದಲ್ಲಿ ಚೆಲ್ಲಿದರೆ ಹೆಪ್ಪು ಹಾಕಿದಂತಾಗುತ್ತದೆ. ಮೂರಡಿಗೆ ಮೂರಡಿಯ ರಾಶಿಯು ತುಂಬಿದಾಗ ನಾಲ್ಕಾರು ದಿನಗಳಲ್ಲಿ ಒಳಗೆ ಕಾವೇರುತ್ತದೆ. 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಬೆಳಗಿನ ಚಳಿಯಲ್ಲಿ ತಿರುವಿದರೆ ಹಬೆಯಾಡುವುದು ಕಾಣುತ್ತದೆ. ಕಳೆಯ ಬೀಜಗಳೂ ರೋಗಾಣುಗಳೂ ನೊಣದ ಮರಿಗಳೂ ಈ ಕಾವಿನಲ್ಲಿಯೇ ನಾಶವಾಗುವುದು. ಹತ್ತು ಹದಿನೈದು ದಿನಗಳಿಗೊಮ್ಮೆ ತಿರುವುತ್ತ ಬಂದರೆ ಮೂರು ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ತಿರುವದೆ ಬಿಟ್ಟರೆ ಇನ್ನೂ ಕೆಲವು ತಿಂಗಳು ಹೆಚ್ಚು ಬೇಕು. ಹಾಕಬಾರದ ವಸ್ತುಗಳೂ ಉಂಟು: ಎಣ್ಣೆ ತುಪ್ಪಗಳ ಪದಾರ್ಥ ಇಲಿಗಳನ್ನು ಕರೆಯುತ್ತದೆ, ಒಲೆಯ ಬೂದಿ ಸ್ವಲ್ಪವಾದರೆ ಒಳ್ಳೆಯದು, ಹೆಚ್ಚಾದರೆ ಸಾರಜನಕವನ್ನು ಓಡಿಸುತ್ತದೆ, ರೋಗ ಹಿಡಿದ ಗಿಡವನ್ನೂ ಹೂ ಬಿಟ್ಟ ಪಾರ್ಥೇನಿಯಂ ಕಳೆಯನ್ನೂ ದೂರವಿಡಬೇಕು. ಹಿತ್ತಿಲಿಲ್ಲದವರು ಬದಿಯಲ್ಲಿ ತೂತುಗಳಿರುವ ಎರಡು ಮಣ್ಣಿನ ಮಡಕೆಗಳಲ್ಲಿ ಇದನ್ನೇ ಮಾಡಬಹುದು. ಮಡಕೆಯು ರಾಶಿಯಷ್ಟು ಕಾಯುವುದಿಲ್ಲ, ನಿಧಾನವಾಗುತ್ತದೆ, ಅಷ್ಟೇ ವ್ಯತ್ಯಾಸ. ಸಾವಿರಾರು ರೂಪಾಯಿಗಳ ಯಂತ್ರವನ್ನು ಕೊಂಡು ಬಂದವರಿಗೆಲ್ಲ ತೋರಿಸುವುದು ಅನವಶ್ಯಕ. ಕಸಕ್ಕೂ ಆಡಂಬರವನ್ನು ಅಂಟಿಸಬಲ್ಲದು ಮನುಷ್ಯನ ಮನಸ್ಸು.

ಭಕ್ತರ ಮನೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಪ್ರಶ್ನೆ ಏಳುತ್ತದೆ. ಲಿಂಗಕ್ಕೆ ಏರಿಸಿದ ಪತ್ರೆ ಪುಷ್ಪಗಳನ್ನು ಏನು ಮಾಡಬೇಕು? ಸಿಪ್ಪೆ ದಂಟುಗಳ ಜೊತೆಗೆ ಅವುಗಳನ್ನು ಸೇರಿಸಲು ಮನಸ್ಸು ಒಪ್ಪುವುದಿಲ್ಲ. ತುಳಿದಾಡುವ ಜಾಗದಲ್ಲಿ ಬೀಳಬಾರದೆಂಬ ಭಾವನೆಯು ಗೌರವಕ್ಕೆ ಅರ್ಹವಾದದ್ದು. ಅದಕ್ಕಾಗಿಯೇ ಬಹುಮಂದಿ ಪತ್ರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ವಾರಕ್ಕೊಮ್ಮೆ ಹೊಳೆಗೋ ಕೆರೆಗೋ ಹಾಳುಬಾವಿಗೋ ಎಸೆದು ಕೈಮುಗಿದು ಬರುತ್ತಾರೆ. ಹರಿಯುವ ನೀರು ವಿರಳವಾಗಿ, ಎಸೆಯುವ ಮನೆಗಳು ಹೆಚ್ಚಾದ ಈ ಕಾಲದಲ್ಲಿ, ಅದು ನೀರಿನಲ್ಲಿ ಕೊಳೆತು, ಮೀನಿಗೆ ಬೇಕಾದ ಆಮ್ಲಜನಕವನ್ನು ಕಳೆಯುತ್ತದೆ; ಚೀಲವು ಅಲ್ಲಿಯೇ ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೆ ಪಾವಿತ್ರ್ಯ ಉಳಿಯಿತೆಂಬ ಎಣಿಕೆಯು ಕಸದ ಗಾಡಿಯ ವಿಷಯದಲ್ಲಿ ಕಂಡ ಭ್ರಮೆಯೇ. ಇಲ್ಲಿ ಅದು ಭಕ್ತಿಯ ಹೆಸರಿನಲ್ಲಿ ಬಂದಿದೆ. ಇದಕ್ಕೆ ಸುಲಭವಾದ ದಾರಿಯೊಂದುಂಟು. ಪತ್ರೆ ಹೂಗಳಿಗೆಂದೇ ಬೇರೊಂದು ಮಡಕೆಯನ್ನಿಟ್ಟು, ಹಾರದ ನೂಲನ್ನೂ ಜರತಾರಿಯ ಪಟ್ಟಿಯನ್ನೂ ಬಿಡಿಸಿ ತೆಗೆದು, ಒಣ ಎಲೆಯೊಂದಿಗೆ ಮಾಗಿಸಿ, ಆ ಗೊಬ್ಬರವನ್ನು ಬಿಲ್ವದ ಬುಡಕ್ಕೋ ಪೂಜೆಯ ಹೂಗಿಡಗಳಿಗೋ ಹಾಕುವುದು. ಮುಂದಿನ ವರ್ಷದ ಪತ್ರೆಯು ಹಿಂದಿನ ವರ್ಷದ ಪತ್ರೆಯಿಂದಲೇ ಬೆಳೆಯುತ್ತದೆ. ಬಿಲ್ವದೆಲೆಯು ಸ್ವಲ್ಪ ಗಟ್ಟಿ. ಹಿಸುಕಿ ಹಾಕಿದರೆ ಬೇಗ ಕರಗುತ್ತದೆ. ಹೀಗೆ ಮಾಡುವುದರಿಂದ ಪತ್ರೆಗೆ ಅಪಚಾರವಾಯಿತೆಂದು ಹೇಳುವುದಕ್ಕೆ ಯಾವ ಆಧಾರವೂ ಕಾಣದು. ಕಾಡಿನಲ್ಲಿ ಬಿಲ್ವದ ಮರವು ತನ್ನ ಎಲೆಯನ್ನು ಉದುರಿಸುವುದೂ ತನ್ನ ಬುಡಕ್ಕೇ.

ಇನ್ನೊಂದು ಸಂಶಯವು ಜೀವದಯೆಗೆ ಸಂಬಂಧಿಸಿದ್ದು. ಗುಂಡಿಯಲ್ಲಿ ಹುಳುಗಳು ಹುಟ್ಟುತ್ತವೆ, ಸನಿಕೆ ಹಾಕಿ ತಿರುವಿದರೆ ಸಾಯುತ್ತವೆ, ಕಾವಿನಿಂದಲೂ ಸಾಯುತ್ತವೆ. ಧರ್ಮದ ಬುಡವನ್ನು ದಯೆಯಲ್ಲಿ ಕಂಡ ಬಸವಣ್ಣನವರ ಅನುಯಾಯಿಯು ಇದನ್ನು ಮಾಡಬಹುದೇ? ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು, ಅದನ್ನು ಕೇಳಿ ನಗುವವರು ಗಂಡಸರು. ನಗತಕ್ಕ ಪ್ರಶ್ನೆ ಇದಲ್ಲ. ಹಿಂಸೆಯು ಸೊನ್ನೆಯಾಗುತ್ತದೆಂದು ಹೇಳುವುದು ಸುಳ್ಳಾದೀತು. ಉಳುವ ಒಕ್ಕಲಿಗನ ನೇಗಿಲಿಗೂ ಹುಳು ಸಿಕ್ಕುತ್ತದೆ, ಅವನು ಬೆಳೆದುದನ್ನು ಉಣ್ಣುವವರೆಲ್ಲರೂ ಅದರಲ್ಲಿ ಪಾಲುದಾರರು. ಹಾಗಿದ್ದೂ ಒಕ್ಕಲಿಗ ಮುದ್ದಣ್ಣನು ಶರಣರ ಗಣದಲ್ಲಿ ವಚನಕಾರನಾಗಿ ನಿಂತನು. ಮಾಡಬಹುದಾದುದು ಇಷ್ಟು. ಕಾವು ಇಳಿಯುವ ಮೊದಲು ಎರೆಹುಳುಗಳನ್ನು ತಂದು ಬಿಡಬಾರದು. ಕಾವಿಳಿದ ಮೇಲೆ ಅವು ತಾವಾಗಿಯೇ ಕೆಳಗಿನಿಂದ ಬರುತ್ತವೆ. ಅವು ಬಂದ ಮೇಲೆ ಹರಿತವಾದ ಸನಿಕೆಯನ್ನು ಬಿಟ್ಟು ಕವೆಗೋಲಿನಿಂದಲೋ ಕೈಯಿಂದಲೋ ತಿರುವಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ರಾಶಿಯು ಅಸಂಖ್ಯಾತ ಜೀವಗಳಿಗೆ ಊಟವೆಂಬುದನ್ನು ಮರೆಯಬಾರದು. ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬೀದಿಗೆ ಹಾಕಿದರೆ ಅದನ್ನು ಚೀಲಸಹಿತ ತಿಂದು ಹೊಟ್ಟೆಯುಬ್ಬಿ ಸಾಯುವ ಆಕಳ ಲೆಕ್ಕವನ್ನೂ ದಯೆಯ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

ಕೊಳೆಯುವುದೆಂದರೆ ಹೇಸಿಗೆಯೆಂಬ ಭಾವನೆಯು ಲಿಂಗವಂತರಲ್ಲಿ ಇರಬಾರದಾಗಿತ್ತು. ದೇಹವನ್ನು ಸುಡದೆ ಭೂಮಿಗೆ ಒಪ್ಪಿಸುವ ಸಂಪ್ರದಾಯ ಅವರದು. ತೀರಿಹೋದ ತಂದೆ ತಾಯಿಗಳ ಶರೀರವನ್ನು ವಿಭೂತಿ ಪತ್ರೆಗಳೊಡನೆ ಸಮಾಧಿಯಲ್ಲಿರಿಸಿ, ತಮ್ಮ ಕೈಯಿಂದಲೇ ಮಣ್ಣು ಕೊಟ್ಟು ಬಂದವರು ಅವರು. 'ಮಣ್ಣು ಮಾಡುವುದು' ಎಂಬ ಕನ್ನಡದ ಮಾತಿಗೆ ಹೂಳುವುದೆಂಬ ಅರ್ಥವಿದೆ. ಅಕ್ಷರಶಃ ತೆಗೆದುಕೊಂಡರೆ ಮಣ್ಣನ್ನು ಉಂಟುಮಾಡುವುದೆಂಬ ಅರ್ಥವೂ ಇದೆ. ಅತ್ಯಂತ ಪ್ರಿಯವಾದ ಶರೀರವನ್ನು ಮಣ್ಣಿಗೆ ಕೊಡುವಾಗ ಯಾರು ಹೇಸುವುದಿಲ್ಲವೋ ಅವರು ಬದನೆಕಾಯಿಯ ತೊಟ್ಟನ್ನು ಮಣ್ಣಿಗೆ ಕೊಡಲು ಹೇಸುವುದು ವಿಚಿತ್ರವೇ ಸರಿ.

ಗೊಬ್ಬರವು ಮಾಗಿತೆಂಬುದಕ್ಕೆ ಗುರುತುಗಳಿವೆ. ಬಣ್ಣವು ಕಡುಕಂದಾಗಿ, ಹಾಕಿದ ವಸ್ತು ಯಾವುದೆಂದು ಗುರುತು ಸಿಗದಂತಾಗಿ, ಮುಟ್ಟಿದರೆ ತಣ್ಣಗಿರಬೇಕು. ವಾಸನೆಯು ಮೊದಲ ಮಳೆ ಬಿದ್ದ ನೆಲದಂತಿರಬೇಕು. ಎರಡರಲ್ಲಿಯೂ ಆ ಕಂಪನ್ನು ಕೊಡುವುದು ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ಒಂದೇ ದ್ರವ್ಯ. ಸಂಶಯವಿದ್ದರೆ ಸ್ವಲ್ಪ ಗೊಬ್ಬರದಲ್ಲಿ ಮೆಂತ್ಯದ ಕಾಳನ್ನು ಬಿತ್ತಿ ನೋಡಬೇಕು. ಮೊಳಕೆ ಚೆನ್ನಾಗಿ ಬಂದರೆ ಮಾಗಿದೆ, ಬಾರದಿದ್ದರೆ ಇನ್ನೂ ಹಸಿಯಾಗಿದೆ. ಅರೆಮಾಗಿದ್ದನ್ನು ಅವಸರದಿಂದ ಗಿಡಕ್ಕೆ ಹಾಕಿದರೆ, ಅದರಲ್ಲಿರುವ ಸೂಕ್ಷ್ಮಜೀವಿಗಳು ತಮ್ಮ ಉಳಿದ ಕೆಲಸಕ್ಕಾಗಿ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡವು ಹಳದಿಯಾಗುತ್ತದೆ. ಕುಂಡಗಳಿಗೆ ಮೂರು ಪಾಲು ಮಿಶ್ರಣದಲ್ಲಿ ಒಂದು ಪಾಲು ಗೊಬ್ಬರ ಸಾಕು. ನೆಲದ ಗಿಡಗಳಿಗೆ ಬುಡದಿಂದ ಸ್ವಲ್ಪ ದೂರದಲ್ಲಿ ಒಂದೆರಡು ಅಂಗುಲ ಹರಡಿ, ಮೇಲ್ಮಣ್ಣಿನಲ್ಲಿ ಬೆರಸಿ, ಎಲೆಯಿಂದ ಮುಚ್ಚಬೇಕು.

ಇದರಿಂದ ಲಾಭವೆಷ್ಟೆಂದು ಲೆಕ್ಕ ಹಾಕುವವರು ನಿರಾಶರಾಗಬಹುದು. ಮನೆಯೊಂದರಲ್ಲಿ ದಿನಕ್ಕೆ ಒಂದು ಕಿಲೋ ಹಸಿ ಕಸವೆಂದಿಟ್ಟುಕೊಂಡರೆ ವರ್ಷಕ್ಕೆ 365 ಕಿಲೋ ಆಯಿತು. ಅದು ನೀರನ್ನೂ ಇಂಗಾಲವನ್ನೂ ಬಿಟ್ಟು ಕುಗ್ಗಿ, ಒಣ ಎಲೆಯದ್ದೂ ಸೇರಿ, ಸುಮಾರು ನೂರು ಕಿಲೋ ಗೊಬ್ಬರವಾದೀತು. ಅದರಲ್ಲಿ ಸಾರಜನಕವು ನೂರಕ್ಕೆ ಒಂದರ ಆಸುಪಾಸು. ಫಲ ಕೊಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ಕೃಷಿ ತಜ್ಞರ ಸಾಮಾನ್ಯ ಸಲಹೆ. ಆದುದರಿಂದ ಒಂದು ಸಂಸಾರದ ವರ್ಷದ ದುಡಿಮೆಯು ಎರಡು ತೆಂಗಿನ ಮರಗಳಿಗೆ ಸರಿಹೋಗುತ್ತದೆ. ಭೂಮಿಯಿಂದ ಆ ಸಂಸಾರವು ವರ್ಷವಿಡೀ ಪಡೆದ ಅಕ್ಕಿ, ಜೋಳ, ಬೇಳೆ, ತರಕಾರಿಗಳ ಮುಂದೆ ಇದು ಎಷ್ಟರದು? ಸಾಲದಲ್ಲಿ ಒಂದು ಕಂತೂ ಅಲ್ಲ. ಇದನ್ನು ದಾಸೋಹವೆಂದು ಕರೆದು ಬೀಗುವುದಕ್ಕೆ ಎಡೆಯಿಲ್ಲ. ದಾಸೋಹದಲ್ಲಿ ತನ್ನ ದುಡಿಮೆಯದನ್ನು ಕೊಡಬೇಕು. ಇಲ್ಲಿ ಕೊಡುವುದು ಮಣ್ಣಿನದನ್ನೇ.

ಬಾಡಿಗೆಯ ಮನೆಯಲ್ಲಿರುವವರು ಕೇಳುವ ಮಾತೊಂದು ಉಳಿಯಿತು. ಇಂದು ಈ ಮನೆ, ಬರುವ ವರ್ಷ ಇನ್ನೊಂದು. ಹಿತ್ತಿಲೂ ತಮ್ಮದಲ್ಲ, ಗಿಡವೂ ತಮ್ಮದಲ್ಲ. ಗೊಬ್ಬರ ಮಾಡಿ ಯಾರಿಗೆ ಹಾಕುವುದು? ಮಡಕೆಗಳನ್ನು ಬಂಡಿಗೆ ಏರಿಸಿಕೊಂಡು ಹೋಗಬಹುದು. ಮಾಗಿದ್ದನ್ನು ಬೀದಿಯ ಹೊಂಗೆಯ ಮರಕ್ಕೋ ನೆರೆಯವರ ಗಿಡಕ್ಕೋ ಹಾಕಬಹುದು. ಹಿತ್ತಿಲಲ್ಲಿ ತಾವು ನೆಟ್ಟ ಕರಿಬೇವಿಗೆ ಹಾಕಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬೀಗದ ಕೈಯನ್ನು ಒಪ್ಪಿಸಿ ಬರುತ್ತಾರೆ. ಮುಂದೆ ಬರುವ ಸಂಸಾರದವರು, ಹಾಕಿದವರು ಯಾರೆಂದು ತಿಳಿಯದೆ, ಒಗ್ಗರಣೆಗೆ ಎರಡು ಎಸಳು ಕಿತ್ತುಕೊಳ್ಳುತ್ತಾರೆ.